ಅತ್ತೆಯವರು ಹುಡುಕಿಕೊಂಡು ಹೋದ ಅಂಬಾಸಿಡರ್

ಮಾನ್ಯ ಸಂಪಾದಕರಲ್ಲಿ ಹಾಗೂ ಓದುಗರಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಪತ್ರಿಕೆಗಾಗಿ ನಾನು ಬರೆಯುತ್ತಿರುವುದು ಇದೇ ಮೊದಲು. ಎಷ್ಟೋ ವರ್ಷಗಳಿಂದ ಕನ್ನಡದಲ್ಲಿ ಅಂಗಡಿ ಸಾಮಾನಿನ ಚೀಟಿಯ ಹೊರತು ಬೇರೇನನ್ನೂ ಬರೆದಿಲ್ಲವಾದ್ದರಿಂದ ನನ್ನ ಅಕ್ಷರಗಳು ಒಂದರ ಮೇಲೊಂದು ಬಿದ್ದಿವೆ. ಅಲ್ಪಪ್ರಾಣ, ಮಹಾಪ್ರಾಣಗಳು ಅಲ್ಲಲ್ಲಿ ಸ್ಥಾನ ಬದಲಿಸಿರಲೂಬಹುದು. ದಯಮಾಡಿ ಮನ್ನಿಸಬೇಕು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ನನ್ನ ತಂದೆಯವರ ಪತ್ರಗಳನ್ನು ನೋಡಿ ಕಲಿತ ಶೈಲಿಯೊಂದೇ ನನಗೆ ಗೊತ್ತಿರುವುದರಿಂದ ಅದರಲ್ಲಿಯೇ ಬರೆದಿದ್ದೇನೆ.

ಸದರಿ ಘಟನೆಯು ಕಳೆದ ವರ್ಷ ನವರಾತ್ರಿ ಹಾಗೂ ದೀಪಾವಳಿಯ ನಡುವಿನ ದಿನಗಳಲ್ಲಿ, ನಾವು ವಾಸವಿರುವ ಬ್ರಿಸ್ಬೇನಿನ ಎಯ್ಟ್ ಮೈಲ್ ಪ್ಲೇನ್ಸ್‌ನಲ್ಲಿ ನಡೆಯಿತು. ನನ್ನ ಯಜಮಾನರಾದ ರಘು ಅವರು ಮನೆಗೆ ಹತ್ತಿರದ ಟೆಕ್ನಾಲಜಿ ಪಾರ್ಕಿನಲ್ಲಿ ಕೆಲಸದಲ್ಲಿದ್ದಾರೆ. ನಾನು ಮನೆಯ ಗ್ಯಾರೇಜಿನಲ್ಲಿ ಫೋಟೋ ಸ್ಟುಡಿಯೋ ನಡೆಸುತ್ತೇನೆ. ಇಲ್ಲಿ ಹನ್ನೆರಡನೆಯ ತರಗತಿ ಮುಗಿಸುವ ಮಕ್ಕಳು ಶಾಲೆ ಬಿಡುವ ಮುನ್ನ ಅಂದವಾಗಿ ಸಿದ್ಧರಾಗಿ ಫೋಟೋ ತೆಗೆಸಿಕೊಳ್ಳುವುದುಂಟು. ಶಾಲೆಯಲ್ಲಿ ಅವರೇ ಸೀನಿಯರ್‌ಗಳಾದ್ದರಿಂದ ಅದಕ್ಕೆ ಸೀನಿಯರ್ ಪೋರ್ಟ್ರೇಟ್ ಎನ್ನುತ್ತಾರೆ. ನನ್ನ ಆದಾಯದ ಬಹುಪಾಲು ಆ ಮಕ್ಕಳಿಂದಲೇ ಬರುತ್ತಿತ್ತು.

ಗ್ಯಾರೇಜು ನನ್ನ ವಶದಲ್ಲಿದ್ದುದರಿಂದ ನಮ್ಮ ಕಾರು ಹೊರಗೆ ನಿಲ್ಲುತ್ತಿತ್ತು. ಹಿಂದಿನ ಬೇಸಿಗೆಯ ಆಲಿಕಲ್ಲು ಮಳೆಗೆ ಅದರ ಮೇಲ್ಭಾಗವು ಇಡ್ಲಿ ತಟ್ಟೆಯಂತೆ ಗುಳಿಬಿದ್ದಿತ್ತು. ಆದ್ದರಿಂದ ಯಜಮಾನರು ಸ್ಪಷ್ಟವಾಗಿ ತಿಳಿಸಿದ್ದರು: "ವೀಣಾ, ಈ ಸೀಸನ್ ನೋಡೋಣ. ಹುಡುಗರು ಬರ್ಲಿಲ್ಲ ಅಂದ್ರೆ ಕಾರು ಒಳಗೆ, ನಿನ್ನ ಛತ್ರಿಗಳು ಹೊರಗೆ." ಛತ್ರಿಗಳೆಂದರೆ ದೀಪದ ಬೆಳಕನ್ನು ಮೃದುಗೊಳಿಸಲು ನಾನು ಬಳಸುವ ಬಿಳಿ ಕೊಡೆಗಳು. ನಾನು ಒಪ್ಪಿಕೊಂಡೆ. ಬಾರದೆ ಎಲ್ಲಿಗೆ ಹೋಗುತ್ತಾರೆ ಎಂಬ ಧೈರ್ಯ ನನಗಿತ್ತು.

ಮಕ್ಕಳು ಸ್ಮಿತಾ ಅವರಲ್ಲಿಗೆ ಹೋದರು.

ಸ್ಮಿತಾ ಅವರು ಅಡಿಲೇಡಿನಿಂದ ಆ ವರ್ಷವಷ್ಟೇ ನಮ್ಮ ಊರಿಗೆ ಬಂದಿದ್ದ ಕನ್ನಡದವರೇ. ಅವರಿಗೆ ಸ್ಟುಡಿಯೋ ಇಲ್ಲ, ಜಾಹೀರಾತಿಲ್ಲ. ಬೇರೆ ಬೇರೆ ಶಾಲೆಗಳಿಂದ ನಾಲ್ಕೈದು ಮಕ್ಕಳನ್ನು ಆರಿಸಿ, ಅವರ ಫೋಟೋಗಳನ್ನು ಉಚಿತವಾಗಿ ತೆಗೆದು, ಅವರನ್ನೇ 'ಸ್ಟೂಡೆಂಟ್ ಅಂಬಾಸಿಡರ್' ಎಂದು ನೇಮಿಸಿದ್ದರು. ಆ ಮಕ್ಕಳು ತಮ್ಮ ಫೋಟೋಗಳನ್ನು ಫೋನಿನಲ್ಲಿ ಹಾಕಿಕೊಂಡು, ಗೆಳತಿಯರಿಗೆ ಸ್ಮಿತಾ ಅವರ ಕಾರ್ಡು ಹಂಚಬೇಕು. ಕಾರ್ಡು ತಂದವರಿಗೆ ರಿಯಾಯಿತಿ, ಹಂಚಿದವರಿಗೆ ಒಂದು ದೊಡ್ಡ ಪ್ರಿಂಟ್. ಅಡಿಲೇಡಿನಲ್ಲಿ ಅವರು ಇದೇ ರೀತಿ ಬೆಳೆದರಂತೆ.

ಸತ್ಯವನ್ನು ಮರೆಮಾಚದೆ ನಿವೇದಿಸುತ್ತೇನೆ. ನಾನು ಪ್ರತಿದಿನ ಅವರ ಫೋಟೋಗಳನ್ನು ಫೋನಿನಲ್ಲಿ ಹಿಗ್ಗಿಸಿ ಪರಿಶೀಲಿಸುತ್ತಿದ್ದೆ. ಮೂಗಿನ ಕೆಳಗೆ ನೆರಳಿದೆಯೇ, ಹಿಂದೆ ಕಾಣುವ ನದಿಯ ಗೆರೆ ಸೊಟ್ಟಗಿದೆಯೇ ಎಂದು ಹುಡುಕುತ್ತಿದ್ದೆ. ಒಂದು ದಿನ ಒಬ್ಬ ಹುಡುಗಿಯ ಕಿವಿಯ ಪಕ್ಕದಲ್ಲಿ ತಿದ್ದದೆ ಬಿಟ್ಟ ಕೂದಲೆಳೆ ಸಿಕ್ಕಿದಾಗ ನನಗೆ ಊಟ ರುಚಿಸಿತು.

ನವರಾತ್ರಿಯಲ್ಲಿ ಪರಿಚಿತರೊಬ್ಬರ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದೆವು. ಮೈಸೂರಿನಿಂದ ಆರು ತಿಂಗಳ ಮಟ್ಟಿಗೆ ಬಂದಿದ್ದ ನಮ್ಮ ಅತ್ತೆ ಸರೋಜಮ್ಮನವರೂ ಜೊತೆಯಲ್ಲಿದ್ದರು. ಅಲ್ಲಿ ಗೊಂಬೆಗಳ ಮುಂದೆ ನಿಂತು ಕಾರ್ಡು ಹಂಚುತ್ತಿದ್ದವಳು ಹನ್ನೆರಡನೆಯ ತರಗತಿಯ ಅನಘಾ. ಅವಳ ಮೊದಲ ಹುಟ್ಟುಹಬ್ಬದಿಂದ ಮೊದಲ್ಗೊಂಡು ಇಲ್ಲಿಯವರೆಗಿನ ಎಲ್ಲಾ ಫೋಟೋಗಳನ್ನೂ ತೆಗೆದವಳು ನಾನು. ಅವಳ ಬಿದ್ದ ಹಲ್ಲಿನ ನಗು ಈಗಲೂ ನನ್ನ ಸ್ಟುಡಿಯೋ ಗೋಡೆಯ ಮೇಲಿದೆ.

"ಏನಮ್ಮಾ ಅನಘಾ, ನೀನೂ ಅಂಬಾಸಿಡರ್ ಆದ್ಯಾ?" ಎಂದು ನಗುತ್ತಲೇ ಕೇಳಿದೆ. ನಗು ಮುಖದ ಮೇಲಷ್ಟೇ ಇತ್ತು.

ಅವಳು ಕೆಂಪಾದಳು. "ಸಾರಿ ಆಂಟಿ. ಐ ವಾಸ್ ಗೋಯಿಂಗ್ ಟು ಟೆಲ್ ಯು. ಸ್ಮಿತಾ ಆಂಟಿ ಆಸ್ಕ್ಡ್ ಮಿ. ಯು ನೆವರ್ ಆಸ್ಕ್ಡ್."

ನಾನು ಕೋಸಂಬರಿ ತೆಗೆದುಕೊಳ್ಳಲು ತಿರುಗಿದೆ. ಅಷ್ಟರಲ್ಲಿ ಅತ್ತೆಯವರು ಅವಳ ಕೈಯಿಂದ ಒಂದು ಕಾರ್ಡು ತೆಗೆದುಕೊಂಡು, ಕನ್ನಡಕ ಏರಿಸಿ ಇಂಗ್ಲಿಷನ್ನು ಅಕ್ಷರ ಅಕ್ಷರವಾಗಿ ಓದುತ್ತಿದ್ದುದನ್ನು ಕಂಡೆ. ಅದರ ಕಡೆ ಹೆಚ್ಚಿನ ಗಮನ ಕೊಡಲಿಲ್ಲ.

ಅತ್ತೆಯವರ ಕುರಿತು ಒಂದು ಮಾತನ್ನು ಇಲ್ಲಿ ತಿಳಿಸಬೇಕಾಗಿದೆ. ನನ್ನ ಮದುವೆಯಾದಂದಿನಿಂದ ಅವರ ಒಂದು ಒಳ್ಳೆಯ ಫೋಟೋ ತೆಗೆಯಲು ಪ್ರಯತ್ನಿಸುತ್ತಿದ್ದೇನೆ. ಕ್ಯಾಮೆರಾ ಕಂಡೊಡನೆ ಅವರ ಮುಖವು ಪಾಸ್‌ಪೋರ್ಟ್ ಕಚೇರಿಯಲ್ಲಿ ಕುಳಿತವರ ಹಾಗೆ ಬಿಗಿದುಕೊಳ್ಳುತ್ತದೆ. ಅದು ಅವರ ಸ್ವಭಾವವೆಂದು ನಾನು ಬಿಟ್ಟುಬಿಟ್ಟಿದ್ದೆ.

ಮುಂದಿನ ವಾರ, ಪರ್ತ್ ನಗರದ ಎಲೆನ್‌ಬ್ರೂಕ್‌ನಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಸುಮಾಳಿಂದ ಫೋನು ಬಂದಿತು.

"ಅಕ್ಕಾ, ನಿಮ್ಮತ್ತೆ ಫೋಟೋ ನಮ್ಮ ಕನ್ನಡದವರ ಗ್ರೂಪಲ್ಲಿ ನೋಡ್ದೆ ಕಣೇ! ಎಂಥಾ ನಗು! ಇಲ್ಲಿ ನಮ್ಮ ಬಾರ್ಬೆಕ್ಯೂಗೆ ಬಂದೋರೆಲ್ಲ ಅದನ್ನೇ ನೋಡ್ತಿದ್ರು. ಅಂತೂ ಕೈ ಕುದುರ್ತು ನಿಂಗೆ!"

"ಯಾವ ಫೋಟೋ?" ಎಂದೆ.

ಅವಳು ಕಳುಹಿಸಿದಳು. ನಮ್ಮೂರಿನ ಸೇಂಟ್ ಲೂಸಿಯಾದ ವಿಶ್ವವಿದ್ಯಾಲಯದ ಅಂಗಳ. ಹಿಂದೆ ನೇರಳೆ ಬಣ್ಣದ ಜಕರಂದಾ ಹೂವಿನ ರಾಶಿ, ಅದರಾಚೆ ನದಿ. ಕಲ್ಲುಬೆಂಚಿನ ಮೇಲೆ ಮಾವಿನೆಲೆ ಹಸಿರಿನ ರೇಷ್ಮೆ ಸೀರೆಯುಟ್ಟ ನಮ್ಮ ಅತ್ತೆಯವರು. ಬಲಗೈ ಗಾಳಿಯಲ್ಲಿ ಏನನ್ನೋ ಹಿಡಿದಿದೆ, ಎಡಗೈ ಏನನ್ನೋ ಮೇಲಕ್ಕೆತ್ತುತ್ತಿದೆ. ತಲೆ ಹಿಂದಕ್ಕೆ ವಾಲಿಸಿ, ಬಾಯ್ತುಂಬ ನಗುತ್ತಿದ್ದಾರೆ. ಅವರ ಕಟ್ಟಿಸಿದ ಹಲ್ಲನ್ನು ಅಷ್ಟು ಪೂರ್ತಿಯಾಗಿ ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಕೆಳಗೆ ಮೂಲೆಯಲ್ಲಿ ಸ್ಮಿತಾ ಅವರ ಹೆಸರು.

ಮೂಗಿನ ಕೆಳಗೆ ನೆರಳಿರಲಿಲ್ಲ. ನದಿ ನೇರವಾಗಿತ್ತು.

ಅತ್ತೆಯವರು ಅಡುಗೆಮನೆಯಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದರು. ಫೋನನ್ನು ಅವರ ಮುಂದೆ ಹಿಡಿದು, "ಇದೇನತ್ತೆ?" ಎಂದು ಕೇಳಿದೆ.

"ಬಂತಾ? ತೋರ್ಸು!" ಎಂದು ಅವರು ಕೈ ಒರೆಸಿಕೊಂಡರು. "ಅಯ್ಯೋ, ಬಾಯಿ ನೋಡು, ಗುಹೆ ಇದ್ದಂಗಿದೆ."

"ನಿಮ್ಮನ್ನ ಯಾರು ಕರ್ಕೊಂಡ್ಹೋದ್ರು ಅಲ್ಲಿಗೆ?"

"ಯಾರೂ ಇಲ್ಲ. ವಾಕಿಂಗ್ ಬರ್ತಾರಲ್ಲ ಪದ್ಮಮ್ಮ, ಅವರೂ ನಾನೂ ಬಸ್ಸಲ್ಲಿ ಹೋದ್ವಿ. ಕಾರ್ಡಲ್ಲೇ ಇತ್ತಲ್ಲ, ಸೀನಿಯರ್ ಪೋರ್ಟ್ರೇಟ್ ಅಂತ. ನಾವು ಸೀನಿಯರ್ ಅಲ್ವೇ? ರೈಲಲ್ಲೂ ಬ್ಯಾಂಕಲ್ಲೂ ನಮಗೇ ತಾನೇ ಸೀನಿಯರ್ ಅನ್ನೋದು?"

"ಅದು ಸ್ಕೂಲ್ ಮಕ್ಕಳಿಗೆ ಅತ್ತೆ."

"ಅಲ್ಲಿಗೆ ಹೋದ್ಮೇಲೆ ಗೊತ್ತಾಯ್ತು ಬಿಡು. ಎಲ್ಲಾ ಮೊಮ್ಮಕ್ಕಳ ವಯಸ್ಸಿನವರೇ. ನಾನು ಬೇರೆ, ಕಾರೆಲ್ಲಮ್ಮಾ ಅಂತ ಕೇಳ್ಬಿಟ್ಟೆ."

"ಯಾವ ಕಾರು?"

"ಅಂಬಾಸಿಡರ್! ಕಾರ್ಡಲ್ಲಿ ಬರೆದಿತ್ತಲ್ಲ. ಕಾರಲ್ಲಿ ಕೂರ್ಸಿ ಫೋಟೋ ತೆಗೀತಾರೇನೋ ಅಂದ್ಕೊಂಡು ಸೀರೆ ಉಟ್ಕೊಂಡು ಹೋದೆ. ಆ ಅನಘಾ ನೆಲದ ಮೇಲೆ ಕೂತು ನಕ್ಕಳು. ಆದ್ರೆ ಸ್ಮಿತಾ ನಗ್ಲಿಲ್ಲ. 'ನಿಮ್ಮನೇಲಿ ಅಂಬಾಸಿಡರ್ ಇತ್ತಾ ಅಮ್ಮಾ?' ಅಂದ್ಳು. ಇತ್ತು, ನಾನೇ ಓಡಿಸ್ತಿದ್ದೆ ಅಂದೆ. 'ಹೇಗೆ ಗೇರ್ ಹಾಕ್ತಿದ್ರಿ, ತೋರ್ಸಿ' ಅಂದ್ಳು. ತೋರಿಸ್ದೆ."

ಮಾವನವರ ಕಾಲದಲ್ಲಿ ಮನೆಯಲ್ಲೊಂದು ಹಳೆಯ ಅಂಬಾಸಿಡರ್ ಇತ್ತೆಂದು ಕೇಳಿದ್ದೆ. ಅದನ್ನು ಓಡಿಸುತ್ತಿದ್ದವರು ಮಾವನವರೆಂದೇ ತಿಳಿದಿದ್ದೆ, ಹಾಗೆಂದು ಹೇಳಿಯೂಬಿಟ್ಟೆ.

"ಅವರಾ? ಸೈಕಲ್ ಬಿಟ್ರೆ ಬೇರೇನೂ ಬರ್ತಿರ್ಲಿಲ್ಲ ಅವರಿಗೆ! ಚಾಮುಂಡಿ ಬೆಟ್ಟದ ತಿರುವಲ್ಲಿ ಬಾಗಿಲಿನ ಹಿಡಿ ಹಿಡ್ಕೊಂಡು, ಕಣ್ಮುಚ್ಕೊಂಡು ಕೂರೋರು. ನಾನು 'ಬಂತು, ಕಣ್ಬಿಡಿ' ಅನ್ನೋವರೆಗೂ ಬಿಡ್ತಿರ್ಲಿಲ್ಲ."

"ನಂಗ್ಯಾಕೆ ಹೇಳ್ಲಿಲ್ಲ ಅತ್ತೆ? ನಾನೆಷ್ಟು ಸಲ ಫೋಟೋಗೆ ಕೂರ್ಸಿದೀನಿ!"

ಅತ್ತೆಯವರು ಹುರುಳಿಕಾಯಿಯ ನಾರು ತೆಗೆಯುತ್ತಲೇ ಹೇಳಿದರು: "ನೀನು 'ಗಲ್ಲ ಕೆಳಗೆ, ಭುಜ ಬಿಡಿ, ಈಗ ನಗಿ' ಅಂತೀಯ. ನಾನು ಮಾತಾಡಕ್ಕೆ ಬಾಯಿ ತೆಗೆದ್ರೆ 'ಅಲ್ಲಾಡ್ಬೇಡಿ ಅತ್ತೆ' ಅಂತೀಯ. ಆಮೇಲಿನ್ನೇನು?"

ಆ ಫೋಟೋವನ್ನು ನಮ್ಮೂರಿನ ಕನ್ನಡದವರೆಲ್ಲರೂ ನೋಡಿದರು. ಹೋದಲ್ಲೆಲ್ಲ ನನ್ನನ್ನು ಅಭಿನಂದಿಸುವವರು ಕೆಲವರು, "ಓಹ್, ನೀವು ತೆಗೆದಿದ್ದಲ್ವಾ?" ಎಂದು ಮರುಕ್ಷಣವೇ ಮಾತು ಬದಲಿಸುವವರು ಹಲವರು. ಉಳಿದಿದ್ದ ಹನ್ನೆರಡನೆಯ ತರಗತಿಯವರೂ ಸ್ಮಿತಾ ಅವರ ಬಳಿಗೇ ಹೋದರು. ಶಾಲೆಯ ನಾಲ್ಕೈದು ಅಂಬಾಸಿಡರ್‌ಗಳಿಗಿಂತ ನಮ್ಮ ಮನೆಯ ಒಬ್ಬರೇ ಹೆಚ್ಚು ಕೆಲಸ ಮಾಡಿಕೊಟ್ಟರೆಂದು ನಾನು ದಿನವೂ ಲೆಕ್ಕ ಹಾಕುತ್ತಿದ್ದೆ. ಒಂದು ಸಲ ಅಂಗಡಿಯಲ್ಲಿ ಎದುರಾದ ಸ್ಮಿತಾ ಅವರು, "ನಿಮ್ಮತ್ತೆ ಎಷ್ಟು ಮಜಾ ಇದಾರೆ ರೀ, ಪುಣ್ಯ ಮಾಡಿದ್ರಿ" ಎಂದು ಮನಸ್ಸಾರೆ ಹೇಳಿದರು. ಅವರು ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ದೀಪಾವಳಿಯ ಹತ್ತಿರದ ಒಂದು ಮಧ್ಯಾಹ್ನ ಆಕಾಶವು ಹಸಿರು ಮಿಶ್ರಿತ ಕಪ್ಪಾಯಿತು. ಇಲ್ಲಿ ಆ ಬಣ್ಣ ಬಂದರೆ ಆಲಿಕಲ್ಲು ಖಚಿತ. ಕಚೇರಿಗೆ ನಡೆದು ಹೋಗಿದ್ದ ಯಜಮಾನರು ಫೋನು ಮಾಡಿ, "ವೀಣಾ, ಕಾರು! ಈಗ್ಲೇ ಒಳಗೆ ಹಾಕ್ಬಿಡು!" ಎಂದು ಕೂಗಿದರು. ನಾನೂ ಅತ್ತೆಯವರೂ ಸೇರಿ ದೀಪಗಳನ್ನು, ಕೊಡೆಗಳನ್ನು, ಹಿನ್ನೆಲೆಯ ಪರದೆಯನ್ನು ಗೋಡೆಗೆ ಒತ್ತರಿಸಿದೆವು. ಕಾರನ್ನು ಒಳತಂದು ಬಾಗಿಲು ಇಳಿಸುವಷ್ಟರಲ್ಲಿ ಛಾವಣಿಯ ಮೇಲೆ ಕಲ್ಲು ಸುರಿದಂತೆ ಸದ್ದು ಆರಂಭವಾಯಿತು. ನಾನು ಕಾರಿನಿಂದಿಳಿದು, ಸ್ಟುಡಿಯೋದ ನಡುವೆ ನಿಂತ ಆ ಗುಳಿಬಿದ್ದ ಕಾರನ್ನು ನೋಡಿದೆ. ಯಜಮಾನರ ಷರತ್ತು ತಾನಾಗಿಯೇ ಜಾರಿಗೆ ಬಂದಿತ್ತು. ಅಳು ಬಂದಿತು.

"ನಾನೊಂದ್ಸಲ ಕೂತ್ಕೋಲಾ?" ಎಂದರು ಅತ್ತೆಯವರು. ಉತ್ತರಕ್ಕೆ ಕಾಯದೆ ಸೆರಗು ಸಿಕ್ಕಿಸಿ ಸ್ಟಿಯರಿಂಗಿನ ಮುಂದೆ ಕುಳಿತರು. "ಗೇರ್ ಕೆಳಗಿದೆಯಲ್ಲೇ ಇದ್ರಲ್ಲಿ! ನಮ್ದ್ರಲ್ಲಿ ಸ್ಟಿಯರಿಂಗ್ ಪಕ್ಕದಲ್ಲೇ ಇತ್ತು. ಕ್ಲಚ್ಚೇ ಇಲ್ಲ! ಇದೂ ಒಂದು ಕಾರೇ?"

ಅಭ್ಯಾಸಬಲದಿಂದ ನಾನು ಕ್ಯಾಮೆರಾ ಕೈಗೆತ್ತಿಕೊಂಡಿದ್ದೆ. 'ಗಲ್ಲ ಕೆಳಗೆ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, "ಆ ಕಾರು ಆಮೇಲೇನಾಯ್ತು ಅತ್ತೆ?" ಎಂದು ಕೇಳಿದೆ.

"ಮಾರಿದ್ವಿ. ರಘು ಆಗಿನ್ನೂ ತೊಟ್ಲಲ್ಲಿದ್ದ. ತಗೊಂಡೋರ ಮನೆವರೆಗೂ ನಾನೇ ಓಡಿಸ್ಕೊಂಡು ಹೋಗಿ ಬಿಟ್ಟೆ." ಅವರು ಕೈಗಳನ್ನು ಸ್ಟಿಯರಿಂಗಿನ ಮೇಲಿಟ್ಟು ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದರು. "ವಾಪಸ್ ಬರೋವಾಗ ಸಿಟಿ ಬಸ್ಸು. ಡ್ರೈವರ್ ಹಿಂದಿನ ಸೀಟಲ್ಲಿ ಕೂತಿದ್ದೆ. ಅವನು ಗೇರ್ ಹಾಕ್ದಾಗೆಲ್ಲ ನನ್ನ ಕಾಲು ತಾನಾಗೇ ಕ್ಲಚ್ ತುಳೀತಿತ್ತು."

ನಾನು ಕಾರು ಓಡಿಸುವಾಗ ಅತ್ತೆಯವರು ಯಾವಾಗಲೂ ನನ್ನ ಹಿಂದಿನ ಸೀಟನ್ನೇ ಆರಿಸಿಕೊಳ್ಳುತ್ತಿದ್ದುದು ಆಗ ನೆನಪಾಯಿತು. ಆಲಿಕಲ್ಲಿನ ಸದ್ದಿನಲ್ಲಿ ಕ್ಯಾಮೆರಾದ ಕ್ಲಿಕ್ಕು ನನಗೇ ಕೇಳಿಸಲಿಲ್ಲ. ಒಂದೇ ಒಂದು ಫೋಟೋ ತೆಗೆದೆ.

ನಂತರ ನಾನು ಕೇಳಿದ ಮೊದಲ ಪ್ರಶ್ನೆ ಇದು, ಬರೆಯಲು ಸಂಕೋಚವಾಗುತ್ತಿದೆ. "ಇದನ್ನ ಸ್ಮಿತಾಗೂ ಹೇಳಿದ್ರಾ?"

"ಅವಳಿಗೆ ನಗೋದಷ್ಟೇ ಹೇಳ್ದೆ. ಇದು ನಗೋ ವಿಷಯ ಅಲ್ವಲ್ಲ," ಎಂದರು ಅತ್ತೆಯವರು.

ನನ್ನ ಫೋಟೋದಲ್ಲಿ ಅವರು ನಗುತ್ತಿಲ್ಲ. ಕ್ಯಾಮೆರಾ ಕಡೆಗೂ ನೋಡುತ್ತಿಲ್ಲ. ಸ್ಮಿತಾ ಅವರದನ್ನೂ ನನ್ನದನ್ನೂ ಪಕ್ಕಪಕ್ಕದಲ್ಲಿಟ್ಟು ಸುಮಾಳಿಗೆ ಕಳುಹಿಸಿದಾಗ ಅವಳು, "ಅಕ್ಕಾ, ಬೇಜಾರು ಮಾಡ್ಕೋಬೇಡ, ಆ ನಗೋದೇ ಚೆನ್ನಾಗಿದೆ" ಎಂದಳು. ಯಜಮಾನರು ಮಾತ್ರ ನನ್ನದನ್ನು ಬಹಳ ಹೊತ್ತು ನೋಡಿ, ಮಾರನೆಯ ದಿನ ತಾವಾಗಿಯೇ ಕಾರನ್ನು ಹೊರಗೆ ನಿಲ್ಲಿಸಿದರು. ಈಗ ಮೋಡ ಕವಿದ ದಿನ ಗ್ಯಾರೇಜು ಕಾರಿಗೆ, ಉಳಿದ ದಿನ ನನಗೆ ಎಂದು ಇತ್ಯರ್ಥವಾಗಿದೆ.

ಅತ್ತೆಯವರು ಊರಿಗೆ ಹೊರಡುವ ದಿನ ಸೂಟ್‌ಕೇಸಿನಲ್ಲಿ ಸ್ಮಿತಾ ಅವರ ಫೋಟೋವನ್ನು ಸೀರೆಗಳ ನಡುವೆ ಜೋಪಾನವಾಗಿ ಇಟ್ಟುಕೊಂಡರು. ನನ್ನದನ್ನು ಇಟ್ಟುಕೊಳ್ಳಲಿಲ್ಲ. ನಾನು ಕಾರಣ ಕೇಳದೆ ಮುಖ ಊದಿಸಿಕೊಂಡು ನಿಂತಿದ್ದೆ. ಅವರು ಗ್ಯಾರೇಜಿನ ಗೋಡೆಯತ್ತ ಕೈ ತೋರಿಸಿ ಹೇಳಿದರು: "ಅದು ಇಲ್ಲೇ ಇರ್ಲಿ ಕಣೇ. ನಿಂಗೂ ಒಂದು ಅಂಬಾಸಿಡರ್ ಬೇಕಲ್ಲ."

ಶಾಲೆಯ ಕೊನೆಯ ವಾರದಲ್ಲಿ ಅನಘಾ ಬಂದು ಆ ಫೋಟೋದ ಮುಂದೆ ನಿಂತಳು. ಡ್ರೈವಿಂಗ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದಳಂತೆ. "ಆಂಟಿ, ಕ್ಯಾನ್ ಯು ಡು ಒನ್ ಲೈಕ್ ದಿಸ್? ಇನ್ ಮೈ ಕಾರ್?" ಎಂದಳು. ಅವಳನ್ನು ಕೂರಿಸಿ, ಮೊದಲು ಪ್ರಶ್ನೆ ಕೇಳಿ, ಆಮೇಲೆ ಕ್ಯಾಮೆರಾ ಎತ್ತಿದೆ. ಅತ್ತೆಯವರನ್ನು ಬಿಟ್ಟರೆ, ಆ ವರ್ಷ ನನಗೆ ದೊರೆತ ಸೀನಿಯರ್ ಅವಳೊಬ್ಬಳೇ.

ನನ್ನ ಅಸೂಯೆ ಹೋಯಿತೆಂದು ಬರೆದರೆ ಸುಳ್ಳು ಮಾಹಿತಿ ಒದಗಿಸಿದಂತಾಗುತ್ತದೆ. ಸ್ಮಿತಾ ಅವರ ಹೊಸ ಫೋಟೋ ಬಂದಾಗ ಈಗಲೂ ಮೊದಲು ಮೂಗಿನ ಕೆಳಗಿನ ನೆರಳನ್ನೇ ಹುಡುಕುತ್ತೇನೆ. ಆದರೆ ಕಾರಿನ ಹಿಂದಿನ ಸೀಟು ಖಾಲಿಯಿರುವಾಗ, ಬ್ರೇಕು ಒತ್ತಿದೊಡನೆ ಕನ್ನಡಿಯಲ್ಲಿ ಒಮ್ಮೆ ಹಿಂದಕ್ಕೆ ನೋಡುವ ಹೊಸ ಅಭ್ಯಾಸವೂ ಜೊತೆಗೆ ಬಂದಿದೆ.

ಕೊನೆಯದಾಗಿ ಕೋರುವುದೇನೆಂದರೆ, ಫೋಟೋದಲ್ಲಿನ ಕಲೆಗಳನ್ನು ತಿದ್ದಬಲ್ಲೆ, ಬರವಣಿಗೆಯಲ್ಲಿನವು ನನ್ನ ಕಣ್ಣಿಗೆ ಬೀಳುವುದಿಲ್ಲ. ಕಾಗುಣಿತ, ಒತ್ತಕ್ಷರ, ವ್ಯಾಕರಣಗಳಲ್ಲಿ ಕಂಡ ತಪ್ಪುಗಳನ್ನು ತಾವೇ ದಯವಿಟ್ಟು ಸರಿಪಡಿಸಿಕೊಳ್ಳಬೇಕು. ಅಸೂಯೆ ಎಂದು ಬರೆದ ಕಡೆ ಮಾತ್ರ ಏನನ್ನೂ ತಿದ್ದಬಾರದಾಗಿ ಪ್ರಾರ್ಥನೆ. ಅಲ್ಲಿ ನಾನು ತಿಳಿದೇ ಬರೆದಿದ್ದೇನೆ.