ಸೋಸಿದ ನೀರು ಕುಡಿಯುವ ವ್ಯಾನ್

ಕಾಲೇಜು ಬಿಟ್ಟ ಮೇಲೆ ನಾನು ಕಲಿತದ್ದು ಒಂದೇ, ನನ್ನ ಹಳೇ ವ್ಯಾನಿನ ರಿಪೇರಿ. ಒಂದು ದಿನ ಬೆಳಿಗ್ಗೆ ರೇಡಿಯೇಟರನ್ನೂ ನಾನೇ ಬಿಚ್ಚಿ ತೊಳೆದು ಕೂರಿಸಿ, ನೀರು ತುಂಬಿಸಿದ್ದೆ. ಅದೇ ದಿನ ಸಂಜೆ ವೇಣೂರಿನ ಜೈನ ಅಜ್ಜ ಒಬ್ಬರನ್ನು ಮನೆಗೆ ಬಿಡ್ಲಿಕ್ಕೆ ಹೊರಟರೆ, ಪುಂಜಾಲಕಟ್ಟೆ ದಾಟಿದ್ದೇ ಬುಸ್ಸಂತ ಹಬೆ ಬಂತು. ಹೊತ್ತು ಮುಳುಗಿದ ಮೇಲೆ ಅಜ್ಜ ಉಣ್ಣುವುದಿಲ್ಲ. ತಡವಾದರೆ ಅವರಿಗೆ ಉಪವಾಸವೇ.

ಎಂಜಿನ್ ತಣಿದ ಮೇಲೆ ರಸ್ತೆ ಬದಿಯಲ್ಲಿ ಹರಿಯುತ್ತಿದ್ದ ತೋಡಿನಿಂದ ಒಂದು ಕ್ಯಾನ್ ನೀರು ತಂದೆ. ಅಜ್ಜ ಹೆಗಲಿನ ಬೈರಾಸು ತೆಗೆದು, "ಸೋಸಿ ಹಾಕುವ" ಅಂದರು.

"ಇದು ವ್ಯಾನಿಗೆ ಅಜ್ಜ, ನಿಮಗೆ ಕುಡಿಲಿಕ್ಕಲ್ಲ!"

"ಯಾರು ಕುಡಿದ್ರೂ ಸೋಸಿಯೇ ಕುಡಿಬೇಕು ಮಾರಾಯ."

ಬಟ್ಟೆಯಲ್ಲಿ ಒಂದು ಹಿಡಿ ಕೆಸರು, ನಾಲ್ಕು ಗೊದಮೊಟ್ಟೆ ಉಳಿದವು. ಬೆಳಿಗ್ಗೆ ನಾನು ಸೋಸದೆ ಸುರಿದದ್ದೂ ಇಂಥದ್ದೇ ತೋಡಿನ ನೀರು. ಹಬೆ ಯಾಕೆ ಬಂತು ಅಂತ ಆಗ ಗೊತ್ತಾಯ್ತು. ಅಷ್ಟರಲ್ಲಿ ಅಜ್ಜ ಗೊದಮೊಟ್ಟೆಗಳನ್ನು ವಾಪಸ್ ಬಿಡ್ಲಿಕ್ಕೆ ತೋಡಿಗೆ ಇಳಿದೇ ಬಿಟ್ಟರು.

"ಅಜ್ಜ, ಸೂರ್ಯ ಹೋಗ್ತಾ ಉಂಟು!"

"ಅವಕ್ಕೂ ಮನೆ ಉಂಟಲ್ಲ?"

ವೇಣೂರು ಮುಟ್ಟುವಾಗ ಅಂಗಳದಲ್ಲಿ ಇನ್ನೂ ಬಿಸಿಲಿತ್ತು. ಅಜ್ಜ ಉಂಡರು, ನನಗೂ ಬಡಿಸಿದರು.

ಈಗ ನನ್ನ ವ್ಯಾನ್ ಸೋಸಿದ ನೀರನ್ನೇ ಕುಡಿಯುತ್ತದೆ. ಕತ್ತಲಾದ ಮೇಲೆ ಡೀಸೆಲ್ ಮುಟ್ಟದ ವ್ರತಕ್ಕೆ ಮಾತ್ರ ಅದು ಇನ್ನೂ ಒಪ್ಪಿಲ್ಲ.