ಅಂದಾಜು ಹೊಡೆಯದ ಮೇಡಮ್ಮ

ನನ್ನ ಮೊಮ್ಮಗಳಿಗೆ ಕೆಲಸ ಆಯಿತು! ನಂಜನಗೂಡಿನಲ್ಲಿ, ಪಂಪ್‌ಸೆಟ್ಟಿನ ಬೋರ್ಡು ಮಾಡುವ ಕಾರ್ಖಾನೆಯಲ್ಲಿ. ಬನ್ನೂರಿನ ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಬಿಟ್ಟೆ, ಗುರುತಿಲ್ಲದವರಿಗೂ ಹೇಳಿದೆ. ಹೇಳುವಾಗಲೆಲ್ಲ ಕಣ್ಣಮುಂದೆ ಬಂದದ್ದು ಅವಳ ಕಾಲೇಜಿನ ಮೇಡಮ್ಮನ ಬಲಗೈ ಹೆಬ್ಬೆರಳು. ಬೆಸುಗೆಕಡ್ಡಿ ತಾಗಿ ತಾಗಿ ಅದರ ತುದಿ ಸೀದ ರೊಟ್ಟಿಯ ಹಾಗೆ ಕಪ್ಪಾಗಿದೆ.

ಮೇಡಮ್ಮ ದೇವನೂರು ಕಡೆಯ ರೈತರ ಮನೆಯವರು. ನಾವು ಕುರ್ಚಿ ಹಾಕಿದರೂ ಜಗಲಿ ಮೇಲೇ ಕೂರುತ್ತಾರೆ. ಅವರದು ಯಾವಾಗಲೂ ಒಂದೇ ಮಾತು: “ಅಂದಾಜು ಹೊಡೀಬೇಡ ಕಣವ್ವ, ಓದಿ ನೋಡು.”

ಕಾಲೇಜು ಮುಗಿಯುವ ಮುಂಚೆ ಮೊಮ್ಮಗಳು ನಮ್ಮ ಗದ್ದೆ ಮೋಟಾರಿಗೆ ಒಂದು ಬೋರ್ಡು ಮಾಡಿದಳು. ಅದು ನಡೆದರೆ ಪಾಸು, ಇಲ್ಲದಿದ್ದರೆ ಇಲ್ಲ. ಮೋಟಾರು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಬೋರ್ಡಿನ ಮಿದುಳಿನಂಥ ಚಿಪ್ಪೇ ಕೆಟ್ಟಿದೆ ಅಂತ ಅಳುತ್ತಾ ಬೇರೆ ಚಿಪ್ಪು ಹಾಕಿದಳು, ಅದೂ ಅಷ್ಟೇ. ಸುದ್ದಿ ತಿಳಿದು ಮೇಡಮ್ಮ ಬಸ್ಸು ಹತ್ತಿ ಬಂದರು. ಬೆಂಕಿಪೊಟ್ಟಣದಷ್ಟು ಒಂದು ಡಬ್ಬಿ ತೆಗೆದು, ಈ ಕಡೆ ಬೋರ್ಡಿಗೂ ಆ ಕಡೆ ಲ್ಯಾಪ್‌ಟಾಪಿಗೂ ತಂತಿ ಸಿಕ್ಕಿಸಿದರು. ಡೀಬಗರ್ ಅಂತೆ. ಓಡುತ್ತಿರುವ ಚಿಪ್ಪನ್ನು ನಡುವೆಯೇ ನಿಲ್ಲಿಸಿ, ಅದರೊಳಗೆ ರಿಜಿಸ್ಟರ್ ಎಂಬ ಗೂಡುಗಳಲ್ಲಿ ಏನಿದೆ ಅಂತ ತೋರಿಸುತ್ತದೆ.

“ಇಲ್ಲಿ ಒಂದು ಅಂತ ಬರ್ದಿದ್ದೀಯಲ್ಲ, ಈಗ ಏನದೆ ಓದು.”

“ಸೊನ್ನೆ ಮೇಡಂ. ಬರ್ದದ್ದು ನಿಲ್ತಾನೇ ಇಲ್ಲ!”

ಮೇಡಮ್ಮ ನನ್ನ ಕಡೆ ತಿರುಗಿದರು. “ಅಜ್ಜೀ, ನಾಲೆ ತೂಬು ಎತ್ತದೆ ಗದ್ದೆ ಮಡೆ ಕಡುದ್ರೆ ನೀರು ಬಂದದಾ?”

“ಎಲ್ಲಿಂದ ಬಂದದವ್ವ!”

ಮೊಮ್ಮಗಳು ಹಣೆ ಚಚ್ಚಿಕೊಂಡಳು. ಆ ಗೂಡುಗಳಿಗೆ ಮೊದಲು ಕ್ಲಾಕ್ ಎಂಬ ಮಿಡಿತ ಹರಿಸಬೇಕಿತ್ತಂತೆ, ಅದನ್ನೇ ಮರೆತಿದ್ದಳು. ಚಿಪ್ಪಿಗೆ ಬರೆದ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದಳು. ಒಂದು ಅಂತ ಬರೆದದ್ದು ಗೂಡಿನಲ್ಲಿ ನಿಂತಿತು, ಮೋಟಾರು ಗುರ್ ಅಂದಿತು.

ಇವತ್ತು ಕಾರ್ಖಾನೆಯವರೂ ಪರೀಕ್ಷೆಗೆ ಕೆಟ್ಟ ಬೋರ್ಡು ಕೊಟ್ಟರಂತೆ. ಮಿಕ್ಕವರು ಬಿಡಿಭಾಗ ಬದಲಾಯಿಸುತ್ತಾ ಕೂತರೆ, ಇವಳು ಮೊದಲು ಡೀಬಗರ್ ಸಿಕ್ಕಿಸಿ ಗೂಡುಗಳನ್ನು ಓದಿದಳಂತೆ.

ಸಂಜೆ ಮೇಡಮ್ಮನನ್ನೂ ಕರೆಸಿ ಮನೆಮಂದಿಯೆಲ್ಲ ಸಾಲಾಗಿ ಊಟಕ್ಕೆ ಕೂತೆವು. ಮುದ್ದೆ, ಅವರೆಕಾಳು ಸಾರು.

“ಅಜ್ಜೀ, ಖುಷೀಲಿ ಸಾರ್ಗೆ ಉಪ್ಪು ಆಕೋದ್ ಮರ್ತಿರ್ತೀಯ” ಅಂದಳು ಮೊಮ್ಮಗಳು.

“ಬಾಯಿಗಿಟ್ಟು ಏಳ್ದ್ಯಾ, ಅಂದಾಜಾ?” ಅಂದರು ಮೇಡಮ್ಮ.

ಮಗ, ಸೊಸೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ಮೊಮ್ಮಗಳು ಬೆರಳು ಅದ್ದಿ ನೆಕ್ಕಿ, “ಸರ್ಯಾಗದೆ” ಅಂದಳು.

ಆ ಕಪ್ಪು ಹೆಬ್ಬೆರಳು ಮುದ್ದೆ ಮುರಿಯುತ್ತಿತ್ತು. ಮೇಡಮ್ಮ ಸಾಕು ಅಂದರೂ ಕೇಳದೆ ನಾನು ಇನ್ನೊಂದು ಹಾಕಿದೆ.