ಮೊದಲ ಕೂಗು

ನಮ್ಮ ಕಡೆ ದೇವಸ್ಥಾನದ ಫಲಾವಳಿ ಸವಾಲು ನೋಡಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ದೇವರಿಗೆ ಒಪ್ಪಿಸಿದ ಹಣ್ಣುಕಾಯಿಗಳನ್ನು ಹರಾಜು ಹಾಕುವಾಗ ಮೊದಲು ಕೂಗಿದವರಿಗೆ ಅವು ಸಿಗುವುದೇ ಇಲ್ಲ. ಮೊದಲ ಕೂಗು ಬರೀ ಮರ್ಯಾದೆಗೆ. ಅದರ ಮೇಲೆ ಇನ್ನೊಬ್ಬರು ಏರಿಸಿಯೇ ಏರಿಸುತ್ತಾರೆ. ನನ್ನ ತವರೂರು ಕತಗಾಲದಲ್ಲಿ ಅಪ್ಪ ಜೀವಮಾನವಿಡೀ ಮೊದಲ ಸವಾಲು ಕೂಗಿ, ಬರಿಗೈಯಲ್ಲಿ ಖುಷಿಯಾಗಿ ಮನೆಗೆ ಬಂದವರು. ಆ ಚಟ ನನಗೂ ಅಂಟಿದೆ.

ಹೊನ್ನಾವರದಲ್ಲಿ ಡಯಾಲಿಸಿಸ್ ಯಂತ್ರಕ್ಕೆ ಹಣ ಕೂಡಿಸಲು ಒಂದು ಹರಾಜು ಇಟ್ಟಿದ್ದರು. ಅಲ್ಲಿಯ ಕಾಲೇಜಿನಲ್ಲಿ ಪಾಠ ಹೇಳುವವಳೆಂದು ನನ್ನನ್ನು ಮುಂದಿನ ಸಾಲಿನಲ್ಲೇ ಕೂರಿಸಿದರು. ಪಕ್ಕದಲ್ಲಿ ನನ್ನ ಗಂಡ. ಅವರು ಕುಡಿತ ಬಿಟ್ಟ ಮೇಲೆ ನಾವಿಬ್ಬರೂ ಜೊತೆಯಾಗಿ ಹೋದ ಮೊದಲ ಸಮಾರಂಭ ಅದು. ಕುಡಿಯುತ್ತಿದ್ದದ್ದು ಊರಿಗೆಲ್ಲ ಗೊತ್ತಿತ್ತು. ಬಿಟ್ಟದ್ದನ್ನು ನಂಬಿದವರು ಕಡಿಮೆ. ನಂಬಿದ್ದೇನೆ ಎಂದು ನಾನು ಹೇಳುತ್ತಿದ್ದೆ.

ಬೆತ್ತದ ಕುರ್ಚಿ, ಹಿತ್ತಾಳೆಯ ದೀಪ, ಶ್ರೀಗಂಧದ ಪೆಟ್ಟಿಗೆ, ಎಲ್ಲದಕ್ಕೂ ಮೊದಲ ಕೂಗು ನನ್ನದೇ. ಎಲ್ಲದರ ಮೇಲೂ ಯಾರಾದರೂ ಏರಿಸಿದರು. ಸಾಕು, ಸುಮ್ಮನೆ ಕೂತುಕೋ ಎಂದು ಗಂಡ ಸೆರಗು ಜಗ್ಗಿದರು. ಅಷ್ಟರಲ್ಲಿ ಕೆಂಪು ವಸ್ತ್ರ ಹೊದೆಸಿದ ಬುಟ್ಟಿಯೊಂದು ವೇದಿಕೆಗೆ ಬಂತು. ನಮ್ಮದೇ ಜಿಲ್ಲೆಯ ನೇರಳೆ, ಅನಾನಸು, ಗೇರು, ಮುರುಗಲು, ಎಲ್ಲ ಒಂದೇ ಬುಟ್ಟಿಯಲ್ಲಿ ಎಂದು ನಿರೂಪಕ ರಾಗ ಎಳೆದ. ಇದು ಫಲಾವಳಿಯೇ ಸರಿ ಎಂದುಕೊಂಡು, ಅವನ ಮಾತು ಮುಗಿಯುವ ಮೊದಲೇ ಕೂಗಿಬಿಟ್ಟೆ.

ವಸ್ತ್ರ ತೆಗೆದರು. ಒಳಗೆ ಬಾಟಲಿಗಳು. ಘಟ್ಟದ ಮೇಲಿನ ಒಂದು ವೈನರಿಯವರು ತಮ್ಮ ಬಗೆಬಗೆಯ ಹಣ್ಣಿನ ವೈನ್ ಆರಿಸಿ ದಾನ ಕೊಟ್ಟಿದ್ದರಂತೆ.

ಯಾರಾದರೂ ಏರಿಸಲಿ ಎಂದು ಹಿಂದೆ ತಿರುಗಿ ನೋಡಿದೆ. ಸಭೆಯಲ್ಲಿ ಕುಡಿಯುವವರಿಗೇನು ಬರವೇ? ಆದರೆ ಅತ್ತೆ ಮಾವ, ಮಕ್ಕಳ ಮಾಸ್ತರರು ಎಲ್ಲ ಕೂತಲ್ಲಿ ವೈನ್‌ಗೆ ಕೈ ಎತ್ತುವ ಧೈರ್ಯ ಯಾರಿಗಿದೆ? ಒಬ್ಬರು ಕನ್ನಡಕ ಒರೆಸಿದರು, ಇನ್ನೊಬ್ಬರು ತಲೆಯ ಮೇಲಿನ ಫ್ಯಾನು ನೋಡಿದರು. ಒಂದನೇ ಸಲ, ಎರಡನೇ ಸಲ ಎಂದ ನಿರೂಪಕ. ಕೂಗಿದ ಸವಾಲನ್ನು ಹಿಂದೆ ತೆಗೆದುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ಬೇಡವೆನ್ನಲು ಕಾರಣ ಹೇಳಬೇಕಿತ್ತು, ಕಾರಣ ನನ್ನ ಪಕ್ಕದಲ್ಲೇ ಕೂತಿತ್ತು. ಮೂರನೇ ಸಲಕ್ಕೆ ಚಪ್ಪಾಳೆ ಬಿತ್ತು. ಫೋಟೋಕ್ಕೆಂದು ಗಂಡನನ್ನೂ ವೇದಿಕೆಗೆ ಕರೆದು ಬುಟ್ಟಿಯನ್ನು ಅವರ ಕೈಗೇ ಕೊಟ್ಟರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಕ್ಕವರ ಹಲ್ಲು ಉದುರಿಸುವಷ್ಟು ಸಿಟ್ಟು ಬಂತು ನನಗೆ.

ಕುಮಟಾದ ಮನೆ ಮುಟ್ಟುವವರೆಗೆ ಹೆದ್ದಾರಿಯ ಒಂದೊಂದು ಹೊಂಡಕ್ಕೂ ಹಿಂದಿನ ಸೀಟಿನಲ್ಲಿ ಬಾಟಲಿಗಳು ಮಾತಾಡಿದವು.

ಚೆಲ್ಲಬಹುದಿತ್ತು. ಅವರೆದುರು ಚೆಲ್ಲಿದರೆ ನಿಮ್ಮ ಮೇಲೆ ನಂಬಿಕೆಯಿಲ್ಲ ಎಂದಂತೆ, ಕದ್ದು ಚೆಲ್ಲಿದರೆ ಇನ್ನೂ ಅನ್ಯಾಯ. ಯಾರಿಗಾದರೂ ಕೊಟ್ಟರೆ, ಯಾಕೆ ಎಂದು ಕೇಳದೆ ಬಿಡುವ ಊರೇ ಇದು? ಸೀರೆಯ ಕಪಾಟಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಬಳೆಯ ಪಿನ್ನಿಗೆ ಸಿಕ್ಕಿಸಿಕೊಂಡೆ. ಅಲ್ಲಿಂದ ಶುರುವಾಯಿತು ನನ್ನ ಜೈಲುವಾಸ. ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರೂ ಮನಸ್ಸು ಕಪಾಟಿನ ಹತ್ತಿರ. ಭಟ್ಕಳದಲ್ಲಿ ಅಕ್ಕನ ಮಗಳ ಸೀಮಂತಕ್ಕೆ ತಲೆನೋವಿನ ನೆಪ ಹೇಳಿ ತಪ್ಪಿಸಿಕೊಂಡೆ. ಸೀರೆ ತೆಗೆಯುವ ನೆವದಲ್ಲಿ ಬಾಟಲಿ ಎಣಿಸುತ್ತಿದ್ದೆ. ಯಾವಾಗ ಎಣಿಸಿದರೂ ಸರಿಯಾಗಿಯೇ ಇರುತ್ತಿದ್ದವು. ಸಮಾಧಾನವಾಗದೆ ಮತ್ತೆ ಎಣಿಸುತ್ತಿದ್ದೆ.

ಒಂದು ಮಧ್ಯಾಹ್ನ ಅನ್ನ ಬಡಿಸುವಾಗ ಕೀಲಿ ಅವರ ತಟ್ಟೆಗೆ ತಾಗಿ ಸದ್ದಾಯಿತು. ಅವರು ಕಲಸುತ್ತಿದ್ದ ಕೈ ನಿಲ್ಲಿಸಿದರು.

“ನೀ ಬೀಗ ಹಾಕಿದ್ದು ಬಾಟ್ಲಿಗಲ್ಲ, ಯಂಗೆ,” ಎಂದು ಎಡಗೈಯಿಂದ ತಮ್ಮ ಎದೆ ಮುಟ್ಟಿಕೊಂಡರು.

ಸಿಟ್ಟಿನಲ್ಲಿ ಹೇಳಿದ್ದರೆ ನಾನೂ ಜಗಳಕ್ಕೆ ನಿಲ್ಲುತ್ತಿದ್ದೆ. ಅವರು ಮೆಲ್ಲಗೆ ಹೇಳಿದರು, ನನಗೆ ಅಳು ಬಂತು. ಪಿನ್ನು ಬಿಚ್ಚಿ ಕೀಲಿಯನ್ನು ತಟ್ಟೆಯ ಪಕ್ಕದಲ್ಲಿಟ್ಟೆ. ಅವರು ಅದನ್ನು ಮುಟ್ಟಲಿಲ್ಲ.

“ಕೀಲಿ ಆನು ಇಟ್ಕಂಡ್ರೆ ನೀ ಎಣ್ಸದು ಬಿಡ್ತ್ಯ?”

ಬಿಡ್ತೆ ಎನ್ನಬೇಕಿತ್ತು. ಅಷ್ಟು ಒಂದು ಮಾತು ಅವರಿಗೆ ಸಾಕಿತ್ತು. ನಾನು ಮಜ್ಜಿಗೆ ಹಾಕಲಾ ಎಂದು ಕೇಳಿದೆ.